ಬಾಯಿ ಕ್ಯಾನ್ಸರ್‌ನ ಬೇರು ಹುಡುಕಿದ ಡಾ. ಖಾನೋಲ್ಕರ್

ಬಾಗಲಕೋಟೆ: ಎಲೆ, ಅಡಿಕೆ, ಸುಣ್ಣ, ತಂಬಾಕು. ಉತ್ತರ ಕರ್ನಾಟಕದ ಮನೆಮನೆಯ ಸಂಚಿಯಲ್ಲಿ ಶತಮಾನಗಳಿಂದ ಜಾಗ ಪಡೆದಿರುವ ಈ ನಾಲ್ಕು ವಸ್ತುಗಳಿಗೂ ಬಾಯಿಯ ಕ್ಯಾನ್ಸರ್‌ಗೂ ಇರುವ ನಂಟನ್ನು ಅಂಕಿ ಅಂಶಗಳ ಮೂಲಕ ವಿಜ್ಞಾನಲೋಕದ ಮುಂದಿಟ್ಟವರಲ್ಲಿ ಮುಂಬೈನ ರೋಗಶಾಸ್ತ್ರಜ್ಞ ಡಾ. ವಸಂತ ರಾಮಜಿ ಖಾನೋಲ್ಕರ್ ಅಗ್ರಗಣ್ಯರು. ಅವರು 1944, 1945 ಮತ್ತು 1955ರಲ್ಲಿ ಪ್ರಕಟಿಸಿದ ಪ್ರಬಂಧಗಳು ಬಾಯಿ ಕ್ಯಾನ್ಸರ್ ಕುರಿತ ಸಂಶೋಧನಾ ಬರಹಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತಿವೆ. ಆದರೆ ಆ ಪ್ರಬಂಧಗಳು ಯಾರ ಬದುಕನ್ನು ಕುರಿತು ಬರೆಯಲ್ಪಟ್ಟವೋ ಆ ಸಾಮಾನ್ಯ ಜನರಿಗೆ ಖಾನೋಲ್ಕರ್ ಅವರ ಹೆಸರು ಇಂದಿಗೂ ಅಪರಿಚಿತ.

ಈ ಸಂಶೋಧಕರ ಕಥೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಜನರಿಗೆ ಪರಕೀಯವಲ್ಲ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾಗುವವರೆಗೆ ಈ ಊರುಗಳೆಲ್ಲ ಮುಂಬೈ ರಾಜ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಈಗ ತಾಲ್ಲೂಕು ಕೇಂದ್ರವಾಗಿರುವ ಇಳಕಲ್ ಆಗ ಹುನಗುಂದ ತಾಲ್ಲೂಕಿನ ನೇಕಾರಿಕೆಯ ಪಟ್ಟಣ. ಆಡಳಿತಕ್ಕೂ ಉನ್ನತ ಶಿಕ್ಷಣಕ್ಕೂ ದೊಡ್ಡ ಕಾಯಿಲೆಗೂ ಈ ಭಾಗದವರ ಮುಖ ಮುಂಬೈನತ್ತಲೇ ಇತ್ತು. ಬಾಗಲಕೋಟೆ ಮತ್ತು ಬಾದಾಮಿಯ ಮೇಲೆ ಹಾದುಹೋಗುವ ಗದಗ–ಹೊಟಗಿ ಮೀಟರ್ ಗೇಜ್ ರೈಲು ಹಿಡಿದು, ಸೊಲ್ಲಾಪುರದ ಹಾದಿಯಲ್ಲಿ ಗಾಡಿ ಬದಲಿಸಿ ಮುಂಬೈ ಸೇರುವುದು ರೂಢಿಯಾಗಿತ್ತು. ಹುನಗುಂದ ಮತ್ತು ಇಳಕಲ್‌ನವರು ರೈಲು ಹಿಡಿಯಲೂ ಮೊದಲು ರಸ್ತೆಯ ಪ್ರಯಾಣ ಮಾಡಬೇಕಿತ್ತು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಆರಂಭವಾದದ್ದು 1973ರಲ್ಲಿ. ಅದಕ್ಕೂ ಮುಂಚೆ ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದ ಕುಟುಂಬಗಳಿಗೆ ಮುಂಬೈನ ಪರೇಲ್‌ನಲ್ಲಿದ್ದ ಟಾಟಾ ಸ್ಮಾರಕ ಆಸ್ಪತ್ರೆಯೇ ದೊಡ್ಡ ಆಸರೆ. ಆ ಆಸ್ಪತ್ರೆಯ ಪ್ರಯೋಗಾಲಯಗಳನ್ನು ಕಟ್ಟಿ ನಿಲ್ಲಿಸಿದವರೇ ಖಾನೋಲ್ಕರ್.

ಕ್ವೆಟ್ಟಾದಿಂದ ಲಂಡನ್‌ಗೆ

ವಸಂತ ರಾಮಜಿ ಖಾನೋಲ್ಕರ್ ಜನಿಸಿದ್ದು 1895ರ ಏಪ್ರಿಲ್ 13ರಂದು, ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ. ವೈದ್ಯ ಶಿಕ್ಷಣದ ಹಾದಿ ಹಿಡಿದ ಅವರು ಉನ್ನತ ಅಧ್ಯಯನಕ್ಕಾಗಿ ಇಂಗ್ಲೆಂಡಿಗೆ ತೆರಳಿ, 1923ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ರೋಗಶಾಸ್ತ್ರದಲ್ಲಿ ಎಂ.ಡಿ. ಪದವಿ ಪಡೆದರು.

ಆ ಕಾಲದಲ್ಲಿ ವಿದೇಶಿ ಪದವಿ ಪಡೆದು ಮರಳಿದ ವೈದ್ಯರಿಗೆ ಮುಂಬೈನಲ್ಲಿ ಖಾಸಗಿ ವೃತ್ತಿಯ ಬಾಗಿಲು ಸದಾ ತೆರೆದಿತ್ತು. ಹಣವೂ ಹೆಸರೂ ಅಲ್ಲಿಯೇ ಇದ್ದವು. ಖಾನೋಲ್ಕರ್ ಆರಿಸಿಕೊಂಡದ್ದು ರೋಗಿಯ ನಾಡಿ ಹಿಡಿಯುವ ಕೆಲಸವನ್ನಲ್ಲ, ರೋಗದ ಅಂಗಾಂಶವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಕೆಲಸವನ್ನು. ಮುಂಬೈನ ಗ್ರ್ಯಾಂಟ್ ವೈದ್ಯಕೀಯ ಕಾಲೇಜು ಮತ್ತು ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜುಗಳಲ್ಲಿ ಅವರು ರೋಗಶಾಸ್ತ್ರದ ಅಧ್ಯಾಪಕರಾಗಿ ಸೇವೆ ಸಲ್ಲಿಸಿದರು. ಭಾರತದಲ್ಲಿ ರೋಗಶಾಸ್ತ್ರವೆಂದರೆ ಅಂದಿಗೆ ಬಹುಮಟ್ಟಿಗೆ ಬೋಧನೆಯ ವಿಷಯ. ಶವಪರೀಕ್ಷೆ ಮಾಡಿ, ಪಠ್ಯಪುಸ್ತಕದಲ್ಲಿ ಇರುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿದರೆ ಕೆಲಸ ಮುಗಿಯುತ್ತಿತ್ತು. ಪಠ್ಯಪುಸ್ತಕಗಳಾದರೋ ಯೂರೋಪಿನ ರೋಗಿಗಳನ್ನು ನೋಡಿ ಬರೆದಂಥವು. ಭಾರತೀಯ ರೋಗಿಯ ದೇಹ, ಆಹಾರ, ಉಡುಪು, ಚಟ ಇವುಗಳನ್ನು ಸಂಶೋಧನೆಯ ವಸ್ತುವಾಗಿ ಪರಿಗಣಿಸಬೇಕೆಂಬ ದೃಷ್ಟಿಯನ್ನು ಬೆಳೆಸಿದ್ದು ಖಾನೋಲ್ಕರ್ ಅವರ ದೊಡ್ಡ ಕೊಡುಗೆ. ಭಾರತದಲ್ಲಿ ರೋಗಶಾಸ್ತ್ರ ಸಂಶೋಧನೆಯ ಪಿತಾಮಹ ಎಂದು ಅವರನ್ನು ಗೌರವಿಸುವುದು ಈ ಕಾರಣಕ್ಕಾಗಿಯೇ.

ಪರೇಲ್‌ನ ಪ್ರಯೋಗಾಲಯ

ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಲೇಡಿ ಮೆಹರ್‌ಬಾಯಿ ಅವರು 1931ರಲ್ಲಿ ರಕ್ತದ ಕ್ಯಾನ್ಸರ್‌ಗೆ ಬಲಿಯಾದರು. ಮರುವರ್ಷ ದೊರಾಬ್ಜಿಯವರೂ ತೀರಿಕೊಂಡರು. ಅವರ ಹೆಸರಿನ ಟ್ರಸ್ಟ್ ಕಟ್ಟಿಸಿದ ಟಾಟಾ ಸ್ಮಾರಕ ಆಸ್ಪತ್ರೆ 1941ರ ಫೆಬ್ರುವರಿ 28ರಂದು ಬಾಗಿಲು ತೆರೆಯಿತು. ಕ್ಯಾನ್ಸರ್ ಚಿಕಿತ್ಸೆಗೆಂದೇ ಮೀಸಲಾದ ಇಂಥ ದೊಡ್ಡ ಆಸ್ಪತ್ರೆ ದೇಶದಲ್ಲಿ ಅದೇ ಮೊದಲಿನದು ಎನ್ನಬಹುದು. ಅದರ ಪ್ರಯೋಗಾಲಯಗಳ ಹೊಣೆ ಖಾನೋಲ್ಕರ್ ಅವರ ಹೆಗಲೇರಿತು.

ಆಗ ಭಾರತದಲ್ಲಿ ಕ್ಯಾನ್ಸರ್ ವಿರಳ ಎಂಬ ಅಭಿಪ್ರಾಯ ವೈದ್ಯರಲ್ಲಿಯೂ ಬೇರೂರಿತ್ತು. ಅದು ಪಾಶ್ಚಾತ್ಯ ನಾಗರಿಕತೆಯ ಕಾಯಿಲೆ, ಸರಳ ಜೀವನದ ಭಾರತೀಯರಿಗೆ ಅದು ತಟ್ಟದು ಎಂಬ ನಂಬಿಕೆ. ಲಾಹೋರಿನ ವಿಶ್ವನಾಥ್ ಮತ್ತು ಗ್ರೇವಾಲ್ 1930ರ ದಶಕದಲ್ಲಿಯೇ ಆಸ್ಪತ್ರೆ ದಾಖಲೆಗಳ ಆಧಾರದಿಂದ ಈ ನಂಬಿಕೆಯನ್ನು ಪ್ರಶ್ನಿಸಿದ್ದರು. ಖಾನೋಲ್ಕರ್ ಅದನ್ನು ಮತ್ತಷ್ಟು ದೃಢಪಡಿಸಿದರು. ಸಾಂಕ್ರಾಮಿಕ ರೋಗಗಳಿಂದ ಚಿಕ್ಕ ವಯಸ್ಸಿನಲ್ಲಿಯೇ ಜನ ಸಾಯುವ ದೇಶದಲ್ಲಿ, ನಡುವಯಸ್ಸು ದಾಟಿದ ಮೇಲೆ ಬರುವ ಕಾಯಿಲೆಯ ಒಟ್ಟು ಸಂಖ್ಯೆ ಕಡಿಮೆ ಕಾಣುವುದು ಸಹಜ. ಪರೀಕ್ಷಿಸುವವರೇ ಇಲ್ಲದ ಕಡೆ ರೋಗ ದಾಖಲಾಗುವುದೂ ಇಲ್ಲ. ವಯಸ್ಸಿಗೆ ವಯಸ್ಸನ್ನು ಹೋಲಿಸಿ ನೋಡಿದರೆ ಭಾರತೀಯರಿಗೆ ವಿಶೇಷ ರಕ್ಷಣೆಯೇನೂ ಇಲ್ಲ ಎಂಬುದು ಅವರ ವಾದದ ತಿರುಳು. ವ್ಯತ್ಯಾಸವಿರುವುದು ಕ್ಯಾನ್ಸರ್ ದೇಹದ ಯಾವ ಭಾಗಕ್ಕೆ ತಗುಲುತ್ತದೆ ಎಂಬುದರಲ್ಲಿ. ಪಶ್ಚಿಮದಲ್ಲಿ ಹೊಟ್ಟೆ, ಶ್ವಾಸಕೋಶಗಳಿಗೆ ಬರುವ ರೋಗ ಇಲ್ಲಿ ಬಾಯಿಗೆ, ಗಂಟಲಿಗೆ, ಗರ್ಭಕೊರಳಿಗೆ ಬರುತ್ತದೆ. ಹಾಗೇಕೆ ಎಂಬ ಪ್ರಶ್ನೆಯೇ ಅವರ ಮುಂದಿನ ಸಂಶೋಧನೆಯ ದಿಕ್ಕನ್ನು ನಿರ್ಧರಿಸಿತು.

ಸಾವಿರ ರೋಗಿಗಳ ಲೆಕ್ಕ

ವೀಳ್ಯಕ್ಕೂ ಬಾಯಿ ಹುಣ್ಣಿಗೂ ಸಂಬಂಧವಿರಬಹುದೆಂಬ ಶಂಕೆ ಹೊಸದಾಗಿರಲಿಲ್ಲ. ತಿರುವಾಂಕೂರು ಸೀಮೆಯಲ್ಲಿ ವೀಳ್ಯ ಜಗಿಯುವವರ ಬಾಯಿ ಕ್ಯಾನ್ಸರ್ ಕುರಿತು ವೈದ್ಯ ಐ.ಎಂ. ಆರ್ 1933ರಲ್ಲಿ ಬರೆದಿದ್ದರು. ಆದರೆ ಬಾಯಿ ಕ್ಯಾನ್ಸರ್‌ಗೆ ಹಾಳಾದ ಹಲ್ಲು, ಗುಹ್ಯರೋಗ ಮುಂತಾದವೇ ಕಾರಣವೆಂಬ ವಿವರಣೆಗಳೂ ವೈದ್ಯಲೋಕದಲ್ಲಿ ಚಾಲ್ತಿಯಲ್ಲಿದ್ದವು. ಶಂಕೆಯನ್ನು ಸಾಕ್ಷ್ಯದ ಮಟ್ಟಕ್ಕೆ ಏರಿಸಲು ದೊಡ್ಡ ಸಂಖ್ಯೆಯ ರೋಗಿಗಳು ಬೇಕು, ಪ್ರತಿ ರೋಗಿಯದೂ ಅಂಗಾಂಶ ಪರೀಕ್ಷೆಯಿಂದ ದೃಢಪಟ್ಟಿರಬೇಕು, ಪ್ರತಿಯೊಬ್ಬರ ಚಟದ ವಿವರವೂ ಬರೆದಿಟ್ಟಿರಬೇಕು. ಪರೇಲ್‌ನ ಆಸ್ಪತ್ರೆ ಈ ಮೂರನ್ನೂ ಒಂದೇ ಕಡೆ ಒದಗಿಸಿತು.

1944ರಲ್ಲಿ ಅಮೆರಿಕದ ಪ್ರತಿಷ್ಠಿತ ಕ್ಯಾನ್ಸರ್ ರಿಸರ್ಚ್ ಪತ್ರಿಕೆಯಲ್ಲಿ ಖಾನೋಲ್ಕರ್ ಅವರ ಪ್ರಬಂಧ ಪ್ರಕಟವಾಯಿತು. ಮುಂಬೈನಲ್ಲಿ ಒಂದರ ಹಿಂದೊಂದರಂತೆ ಬಂದ 1,000 ಬಾಯಿ ಕ್ಯಾನ್ಸರ್ ಪ್ರಕರಣಗಳ ಸಮೀಕ್ಷೆ ಅದು. ಆಸ್ಪತ್ರೆ ತೆರೆದ ಮೂರು ವರ್ಷಗಳಲ್ಲಿಯೇ ಇಂಥ ಸಮೀಕ್ಷೆ ಹೊರಬಂದದ್ದು ಗಮನಾರ್ಹ. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಕುರಿತು ಬ್ರಿಟನ್ನಿನ ಡಾಲ್ ಮತ್ತು ಹಿಲ್ ಹಾಗೂ ಅಮೆರಿಕದ ವಿಂಡರ್ ಮತ್ತು ಗ್ರಹಾಂ ಬರೆದ ಜಗತ್ಪ್ರಸಿದ್ಧ ಪ್ರಬಂಧಗಳು ಪ್ರಕಟವಾದದ್ದು 1950ರಲ್ಲಿ. ತಂಬಾಕಿನ ಅಪಾಯದತ್ತ ಮುಂಬೈನ ಪ್ರಯೋಗಾಲಯ ಅದಕ್ಕೂ ಆರು ವರ್ಷ ಮೊದಲೇ ಬೆರಳು ತೋರಿತ್ತು.

ಮುಂಬೈ ಎಂಬ ನಗರವೇ ಖಾನೋಲ್ಕರ್ ಅವರ ದೊಡ್ಡ ಪ್ರಯೋಗಶಾಲೆಯಾಗಿತ್ತು. ದಖ್ಖನಿನವರು, ಗುಜರಾತಿಗಳು, ಪಾರ್ಸಿಗಳು, ಕ್ರೈಸ್ತರು, ಮುಸ್ಲಿಮರು ಒಂದೇ ಊರಿನಲ್ಲಿ, ಒಂದೇ ಗಾಳಿ ನೀರಿನಲ್ಲಿ ಬದುಕುತ್ತಿದ್ದರೂ ಅವರವರ ಆಹಾರ, ವಿವಾಹ ಪದ್ಧತಿ, ಚಟಗಳು ಬೇರೆ ಬೇರೆ. ತಂಬಾಕು ಜಗಿಯುವ ರೂಢಿ ಹೆಚ್ಚಾಗಿದ್ದ ದಖ್ಖನಿನವರಲ್ಲಿ ಕೆನ್ನೆಯ ಒಳಭಾಗದ ಕ್ಯಾನ್ಸರ್ ಹೆಚ್ಚು ಕಂಡರೆ, ಬೀಡಿ ಸೇದುವ ರೂಢಿ ಹೆಚ್ಚಾಗಿದ್ದ ಗುಜರಾತಿಗಳಲ್ಲಿ ನಾಲಿಗೆಯ ಬುಡ ಹಾಗೂ ಗಂಟಲಿನ ಮೇಲ್ಭಾಗದ ಕ್ಯಾನ್ಸರ್ ಹೆಚ್ಚು ಕಾಣುತ್ತಿತ್ತು. ಪಾರ್ಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿದ್ದರೆ, ಹಿಂದೂ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚಿತ್ತು. ಊರು ಒಂದೇ ಆಗಿದ್ದರೂ ರೋಗದ ಸ್ಥಾನ ಬೇರೆಯಾಗುತ್ತಿರುವುದು ರೂಢಿಗಳ ಪಾತ್ರವನ್ನು ಸೂಚಿಸುತ್ತಿತ್ತು.

ಉಡುವ ಬಟ್ಟೆಯೂ ಕಾರಣವಾದಾಗ

1945ರಲ್ಲಿ ಸಹೋದ್ಯೋಗಿ ಸೂರ್ಯಾಬಾಯಿ ಅವರೊಂದಿಗೆ ಖಾನೋಲ್ಕರ್ ಬರೆದ ಪ್ರಬಂಧ ಮತ್ತೊಂದು ಮೈಲಿಗಲ್ಲು. ಜನರ ರೂಢಿಗಳಿಗೆ ನೇರವಾಗಿ ತಳಕು ಹಾಕಿಕೊಂಡಿರುವ, ಭಾರತದಲ್ಲಿ ಕಂಡುಬಂದ ಮೂರು ಹೊಸ ಬಗೆಯ ಕ್ಯಾನ್ಸರ್‌ಗಳನ್ನು ಅದು ವಿವರಿಸಿತು.

ಮೊದಲನೆಯದು ಚುಟ್ಟಾ ಕ್ಯಾನ್ಸರ್. ಆಂಧ್ರದ ಕರಾವಳಿಯ ಕೆಲವು ಭಾಗಗಳಲ್ಲಿ, ಮುಖ್ಯವಾಗಿ ಮಹಿಳೆಯರು, ಹೊಗೆಸೊಪ್ಪಿನ ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗೆ ಇಟ್ಟುಕೊಂಡು ಸೇದುತ್ತಾರೆ. ಅವರಲ್ಲಿ ಬೇರೆಡೆ ಅಪರೂಪವಾದ ಅಂಗುಳಿನ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಎರಡನೆಯದು ಖೈನಿ ಕ್ಯಾನ್ಸರ್. ಬಿಹಾರ ಮತ್ತು ಉತ್ತರ ಪ್ರದೇಶದ ಕಡೆ ತಂಬಾಕಿಗೆ ಸುಣ್ಣ ಬೆರೆಸಿ ಅಂಗೈಯಲ್ಲಿ ತಿಕ್ಕಿ ಕೆಳತುಟಿಯ ಒಳಗೆ ಇಟ್ಟುಕೊಳ್ಳುವವರಲ್ಲಿ, ಸರಿಯಾಗಿ ಅದೇ ಜಾಗದಲ್ಲಿ ಹುಟ್ಟುವ ರೋಗ. ಮೂರನೆಯದು ಧೋತರ ಕ್ಯಾನ್ಸರ್. ಹಗಲಿರುಳು ಸೊಂಟದ ಒಂದೇ ಜಾಗದಲ್ಲಿ ಬಿಗಿಯಾಗಿ ಧೋತರ ಕಟ್ಟುವುದರಿಂದ ಚರ್ಮ ಉಜ್ಜಿ ಉಜ್ಜಿ ಕಪ್ಪಾಗಿ, ದಪ್ಪವಾಗಿ, ಹುಣ್ಣಾಗಿ, ಕಡೆಗೆ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗುವ ಸ್ಥಿತಿ.

ಮೂರೂ ಪ್ರಕರಣಗಳಲ್ಲಿ ಒಂದು ಸಾಮಾನ್ಯ ಸೂತ್ರವಿದೆ. ತೊಂದರೆ ಕೊಡುವ ವಸ್ತು ದೇಹದ ಯಾವ ಜಾಗವನ್ನು ವರ್ಷಗಟ್ಟಲೆ ಮುಟ್ಟುತ್ತದೋ ರೋಗವೂ ಅಲ್ಲಿಯೇ ಹುಟ್ಟುತ್ತದೆ. ಕಾರಣ ಮತ್ತು ಪರಿಣಾಮಗಳ ನಂಟು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವ ಉದಾಹರಣೆಗಳು ವೈದ್ಯವಿಜ್ಞಾನದಲ್ಲಿ ಹೆಚ್ಚಿಲ್ಲ.

ಧೋತರ ಉಡುವವರು ಕಡಿಮೆಯಾದಂತೆ ಆ ರೋಗದ ಹೆಸರೂ ಮರೆಯಾಗುತ್ತ ಬಂತು. ಆದರೆ ಅದರ ಹಿಂದಿನ ತತ್ವ ಹಳತಾಗಲಿಲ್ಲ. ಸೀರೆಯೊಳಗಿನ ಲಂಗದ ಲಾಡಿಯನ್ನು ದಶಕಗಟ್ಟಲೆ ಬಿಗಿಯಾಗಿ ಕಟ್ಟಿದ ಮಹಿಳೆಯರ ಸೊಂಟದಲ್ಲಿ ಇದೇ ಬಗೆಯ ಚರ್ಮದ ಕ್ಯಾನ್ಸರ್ ಕಂಡುಬಂದ ವರದಿಗಳು ಭಾರತದಿಂದ ಆಗಾಗ ಬಂದಿವೆ. 2024ರಲ್ಲಿಯೂ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಅಂಥ ಎರಡು ಪ್ರಕರಣಗಳು ಪ್ರಕಟವಾದವು. ಇಳಕಲ್‌ನಂಥ ಸೀರೆಯ ನಾಡಿನ ಓದುಗರು ಇಲ್ಲಿ ಗಮನಿಸಬೇಕಾದದ್ದು, ದೋಷ ಸೀರೆಯದಲ್ಲ, ಬಿಗಿದು ಕಟ್ಟಿದ ಲಾಡಿಯದು ಎಂಬುದು. ಅಗಲವಾದ ಪಟ್ಟಿ ಬಳಸುವುದು, ಸಡಿಲವಾಗಿ ಕಟ್ಟುವುದು, ಕಟ್ಟುವ ಜಾಗ ಬದಲಿಸುವುದು, ವಾಸಿಯಾಗದ ಹುಣ್ಣನ್ನು ವೈದ್ಯರಿಗೆ ತೋರಿಸುವುದು ಇಷ್ಟೇ ಇದಕ್ಕೆ ಬೇಕಾದ ಎಚ್ಚರಿಕೆ.

1955ರ ಪ್ರಬಂಧ

ಸಾವಿರ ರೋಗಿಗಳಲ್ಲಿ ಬಹುಮಂದಿ ತಂಬಾಕು ಜಗಿಯುತ್ತಿದ್ದರು ಎಂದರೆ ಸಾಲದು. ರೋಗವಿಲ್ಲದವರೂ ಅಷ್ಟೇ ಪ್ರಮಾಣದಲ್ಲಿ ಜಗಿಯುತ್ತಿದ್ದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಈ ಆಕ್ಷೇಪಕ್ಕೆ ಉತ್ತರ ದೊರೆತದ್ದು 1955ರಲ್ಲಿ. ಎಲ್.ಡಿ. ಸಾಂಘ್ವಿ, ಕೆ.ಸಿ.ಎಂ. ರಾವ್ ಮತ್ತು ಖಾನೋಲ್ಕರ್ ಜೊತೆಯಾಗಿ ಬರೆದ ಪ್ರಬಂಧ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ರೋಗಿಗಳ ಚಟಗಳನ್ನು ಆ ರೋಗವಿಲ್ಲದವರ ಚಟಗಳೊಂದಿಗೆ ತಾಳೆ ನೋಡಿದ ಅಧ್ಯಯನ ಅದು. ಜಗಿಯುವ ಚಟ ಬಾಯಿಯ ಮುಂಭಾಗದ ಕ್ಯಾನ್ಸರ್‌ಗೂ, ಸೇದುವ ಚಟ ಗಂಟಲಿನ ಕ್ಯಾನ್ಸರ್‌ಗೂ ಹೆಚ್ಚಾಗಿ ಸಂಬಂಧಿಸಿವೆ, ಎರಡೂ ಚಟಗಳಿದ್ದವರ ಅಪಾಯ ಇನ್ನೂ ಹೆಚ್ಚು ಎಂಬ ದಿಕ್ಕಿನ ಸಾಕ್ಷ್ಯವನ್ನು ಅದು ಒದಗಿಸಿತು.

ಸಾಂಘ್ವಿ ಅವರು ವೈದ್ಯರಲ್ಲ, ಸಂಖ್ಯಾಶಾಸ್ತ್ರ ಮತ್ತು ತಳಿವಿಜ್ಞಾನ ಬಲ್ಲವರು. ಮುಂಬೈನ ಒಳವಿವಾಹ ಸಮುದಾಯಗಳ ರಕ್ತದ ಗುಂಪು ಮುಂತಾದ ಅನುವಂಶಿಕ ಲಕ್ಷಣಗಳ ಕುರಿತು ಅವರೊಂದಿಗೆ ಖಾನೋಲ್ಕರ್ ಇದಕ್ಕೂ ಮುಂಚೆಯೇ ಪ್ರಬಂಧ ಪ್ರಕಟಿಸಿದ್ದರು. ಸಮುದಾಯದಿಂದ ಸಮುದಾಯಕ್ಕೆ ಕ್ಯಾನ್ಸರ್ ಬೇರೆಯಾಗುವುದು ರಕ್ತದ ಗುಣದಿಂದಲೋ ರೂಢಿಯಿಂದಲೋ ಎಂಬ ಪ್ರಶ್ನೆಯನ್ನು ಎರಡೂ ಬದಿಯಿಂದ ಪರೀಕ್ಷಿಸುವ ಛಲ ಇಲ್ಲಿ ಕಾಣುತ್ತದೆ. ರೋಗಶಾಸ್ತ್ರದ ಕೊಠಡಿಗೆ ಸಂಖ್ಯಾಶಾಸ್ತ್ರಜ್ಞನನ್ನು ಕರೆತಂದದ್ದು ಅಂದಿನ ದಿನಗಳಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಉಲ್ಲೇಖಗಳ ಲೆಕ್ಕ

ವಿಜ್ಞಾನಿಯ ಪ್ರಭಾವವನ್ನು ಇಂದು ಅಳೆಯುವುದು ಉಲ್ಲೇಖಗಳಿಂದ. ಒಂದು ಪ್ರಬಂಧವನ್ನು ನಂತರದ ಎಷ್ಟು ಪ್ರಬಂಧಗಳು ಆಧಾರವಾಗಿ ಹೆಸರಿಸಿವೆ ಎಂಬ ಎಣಿಕೆಯೇ ಅದರ ಮೌಲ್ಯ ಎಂಬಂತಾಗಿದೆ. ಈ ಎಣಿಕೆಯನ್ನು ವ್ಯವಸ್ಥಿತವಾಗಿ ಮಾಡುವ ಸೂಚಿಯನ್ನು ಅಮೆರಿಕದ ಯುಜೀನ್ ಗಾರ್ಫೀಲ್ಡ್ ಹೊರತಂದದ್ದು 1960ರ ದಶಕದಲ್ಲಿ. ಖಾನೋಲ್ಕರ್ ಅವರ ಮುಖ್ಯ ಪ್ರಬಂಧಗಳೆಲ್ಲ ಅದಕ್ಕೂ ಮೊದಲೇ ಪ್ರಕಟವಾಗಿದ್ದವು. ಮೊದಲ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಅವುಗಳನ್ನು ಯಾರು ಓದಿದರು, ಯಾರು ಬಳಸಿಕೊಂಡರು ಎಂಬುದು ಅಂಥ ಎಣಿಕೆಗೆ ಪೂರ್ತಿ ಸಿಗುವುದಿಲ್ಲ. 1955ರ ಪ್ರಬಂಧದಲ್ಲಿ ಮೊದಲ ಹೆಸರು ಸಾಂಘ್ವಿ ಅವರದಾದ್ದರಿಂದ, ಹಲವು ಬರಹಗಳಲ್ಲಿ ಅದು ಸಾಂಘ್ವಿ ಮತ್ತು ಇತರರು ಎಂದಷ್ಟೇ ಉಳಿದುಕೊಂಡಿದೆ. ಖಾನೋಲ್ಕರ್ ಆ ಇತರರಲ್ಲಿ ಸೇರಿಹೋಗಿದ್ದಾರೆ.

ಆದರೂ ಉಲ್ಲೇಖಗಳ ಸಂಖ್ಯೆಗಿಂತ ಅವು ಎಲ್ಲಿ ಬಂದಿವೆ ಎಂಬುದು ಮುಖ್ಯ. ಧೂಮಪಾನದ ವಿರುದ್ಧ ಜಗತ್ತಿನ ಅಭಿಪ್ರಾಯವನ್ನೇ ಬದಲಿಸಿದ ಅಮೆರಿಕದ ಸರ್ಜನ್ ಜನರಲ್ ಅವರ 1964ರ ವರದಿ ಆಧಾರವಾಗಿ ಬಳಸಿದ ಅಧ್ಯಯನಗಳಲ್ಲಿ ಮುಂಬೈನ 1955ರ ಅಧ್ಯಯನವೂ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ತಂಬಾಕು ಬೆರೆತ ವೀಳ್ಯ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ತೀರ್ಮಾನಿಸಿದಾಗ ಪರಿಶೀಲಿಸಿದ ಸಾಕ್ಷ್ಯಗಳ ಸಾಲಿನಲ್ಲಿಯೂ ಇದೇ ಪರಂಪರೆಯ ಭಾರತೀಯ ಅಧ್ಯಯನಗಳು ಇದ್ದವು. ಅದೇ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ತಂಬಾಕಿಲ್ಲದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆಗಾರರ ನಾಡಾದ ಕರ್ನಾಟಕದಲ್ಲಿ ಈ ತೀರ್ಮಾನದ ಕುರಿತ ಚರ್ಚೆ ಇನ್ನೂ ನಿಂತಿಲ್ಲ.

ಖಾನೋಲ್ಕರ್ ಅವರ ಅಧ್ಯಯನಗಳಿಗೆ ಮಿತಿಗಳೂ ಇದ್ದವು. ಅವು ಒಂದು ಆಸ್ಪತ್ರೆಯ ಬಾಗಿಲಿಗೆ ಬಂದವರ ಲೆಕ್ಕವೇ ಹೊರತು ಒಂದು ಪ್ರದೇಶದ ಎಲ್ಲ ಜನರ ಲೆಕ್ಕವಲ್ಲ. ಮುಂಬೈವರೆಗೆ ಹೋಗಲಾಗದೆ ಊರಿನಲ್ಲಿಯೇ ಕಣ್ಣು ಮುಚ್ಚಿದವರು ಅದರಲ್ಲಿ ಸೇರುತ್ತಿರಲಿಲ್ಲ. ಈ ಕೊರತೆಯನ್ನು ತುಂಬಬಲ್ಲ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ ಮುಂಬೈನಲ್ಲಿ 1960ರ ದಶಕದಲ್ಲಿ, ಬೆಂಗಳೂರಿನಲ್ಲಿ 1980ರ ದಶಕದ ಆರಂಭದಲ್ಲಿ ಶುರುವಾಯಿತು. ಆ ನೋಂದಣಿಗಳೂ ಭಾರತದಲ್ಲಿ ಬಾಯಿ ಕ್ಯಾನ್ಸರ್‌ನ ಹೊರೆ ದೊಡ್ಡದೆಂಬುದನ್ನೇ ತೋರಿಸಿದವು.

ಸಂಸ್ಥೆ ಕಟ್ಟಿದವರು

1952ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಮುಂಬೈನಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದಾಗ ಖಾನೋಲ್ಕರ್ ಅದರ ಸ್ಥಾಪಕ ನಿರ್ದೇಶಕರಾದರು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೊಳೆತ ಸಂಶೋಧನೆಗೆ ಸ್ವಂತ ಮನೆ ಸಿಕ್ಕಂತಾಯಿತು. 1962ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂತು. 1966ರಲ್ಲಿ ಆಸ್ಪತ್ರೆಯೂ ಸಂಶೋಧನಾ ಕೇಂದ್ರವೂ ಸೇರಿ ಟಾಟಾ ಸ್ಮಾರಕ ಕೇಂದ್ರವಾಯಿತು. ಚಿಕಿತ್ಸೆ ಮತ್ತು ಸಂಶೋಧನೆ ಒಂದೇ ಸೂರಿನಡಿ ನಡೆಯುವ ಈ ಮಾದರಿ ದೇಶದ ಇತರ ಕ್ಯಾನ್ಸರ್ ಸಂಸ್ಥೆಗಳಿಗೂ ಮೇಲ್ಪಂಕ್ತಿಯಾಯಿತು.

ಮಹಿಳೆಯರು ವಿಜ್ಞಾನ ಸಂಶೋಧನೆಗೆ ಬರುವುದೇ ಅಪರೂಪವಾಗಿದ್ದ ಕಾಲದಲ್ಲಿ ಖಾನೋಲ್ಕರ್ ಅವರ ಪ್ರಯೋಗಾಲಯದಲ್ಲಿ ಹಲವು ಮಹಿಳಾ ವಿಜ್ಞಾನಿಗಳು ಬೆಳೆದರು. ಕಮಲ್ ರಣದಿವೆ ಅವರು ಖಾನೋಲ್ಕರ್ ಮಾರ್ಗದರ್ಶನದಲ್ಲಿ 1949ರಲ್ಲಿ ಮುಂಬೈ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಅಮೆರಿಕದಲ್ಲಿ ತರಬೇತಿ ಪಡೆದು ಮರಳಿ, ಸಂಶೋಧನಾ ಕೇಂದ್ರದಲ್ಲಿ ಅಂಗಾಂಶ ಕೃಷಿಯ ಪ್ರಯೋಗಾಲಯ ಸ್ಥಾಪಿಸಿದರು. ಸ್ತನ ಕ್ಯಾನ್ಸರ್ ಕುರಿತು ಕೆಲಸ ಮಾಡಿದ ಅವರಿಗೆ 1982ರಲ್ಲಿ ಪದ್ಮಭೂಷಣ ಸಂದಿತು. ಸತ್ಯವತಿ ಸಿರ್ಸಾಟ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕ್ಯಾನ್ಸರ್ ಕೋಶಗಳ ಅಧ್ಯಯನದಲ್ಲಿ ಹೆಸರು ಮಾಡಿದರು. 1945ರ ಪ್ರಬಂಧದ ಸೂರ್ಯಾಬಾಯಿ ಅವರ ಹೆಸರನ್ನೂ ಈ ಸಾಲಿನಲ್ಲಿ ಸ್ಮರಿಸಬೇಕು.

ಮೆಣಸಿನಕಾಯಿಯ ಪ್ರಶ್ನೆ

ಎಲ್ಲ ಊಹೆಗಳೂ ಗೆಲ್ಲಲಿಲ್ಲ. ಕೆನ್ನೆಯ ಒಳಪದರ ಬಿಳಿಚಿ ಗಟ್ಟಿಯಾಗಿ, ಕ್ರಮೇಣ ಬಾಯಿ ತೆರೆಯುವುದೇ ಕಷ್ಟವಾಗುವ ಸ್ಥಿತಿಯೊಂದು ಭಾರತೀಯರಲ್ಲಿ ಹೆಚ್ಚು ಕಾಣುತ್ತದೆ. ಕ್ಯಾನ್ಸರ್‌ಗೆ ಮುನ್ಸೂಚನೆಯಾಗಬಲ್ಲ ಈ ಸ್ಥಿತಿಯನ್ನು 1950ರ ದಶಕದ ಆರಂಭದಲ್ಲಿ ವೈದ್ಯರು ವಿವರಿಸಿದ್ದರು. ಇದಕ್ಕೆ ಆಹಾರದ ಖಾರ ಕಾರಣವಿರಬಹುದೇ ಎಂದು ಸಿರ್ಸಾಟ್ ಮತ್ತು ಖಾನೋಲ್ಕರ್ ಪರೀಕ್ಷಿಸಿದರು. ಪೌಷ್ಟಿಕತೆ ಕಡಿಮೆಯಿದ್ದ ಆಹಾರ ತಿನ್ನಿಸಿದ ಇಲಿಗಳ ಅಂಗುಳಿಗೆ ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಲೇಪಿಸಿದ ಅವರ ಪ್ರಯೋಗ 1960ರಲ್ಲಿ ಪ್ರಕಟವಾಯಿತು.

ಖಾರವಿಲ್ಲದೆ ರೊಟ್ಟಿ ಇಳಿಯದ ಉತ್ತರ ಕರ್ನಾಟಕದವರಿಗೆ ಇದು ಆತಂಕದ ಸುದ್ದಿಯಾಗಬಹುದಿತ್ತು. ಆದರೆ ಮುಂದಿನ ದಶಕಗಳ ಅಧ್ಯಯನಗಳು ಮೆಣಸಿನಕಾಯಿಯ ಮೇಲಿನ ಆರೋಪವನ್ನು ಪುಷ್ಟೀಕರಿಸಲಿಲ್ಲ. ಮುಖ್ಯ ಕಾರಣ ಅಡಿಕೆ ಎಂಬುದು ದೃಢಪಟ್ಟಿತು. ಗುಟ್ಕಾ ಮತ್ತು ಪಾನ್ ಮಸಾಲಾ ಚೀಟಿಗಳು ಮಾರುಕಟ್ಟೆಗೆ ಬಂದ ಮೇಲೆ ಹದಿಹರೆಯದವರಲ್ಲಿಯೂ ಈ ಸ್ಥಿತಿ ಕಾಣತೊಡಗಿತು. 1960ರ ಪ್ರಬಂಧ ಈಗಲೂ ಉಲ್ಲೇಖಗೊಳ್ಳುತ್ತದೆ. ಆದರೆ ಪರೀಕ್ಷಿಸಿ ಬದಿಗಿಟ್ಟ ಒಂದು ಊಹೆಯಾಗಿ. ವಿಜ್ಞಾನದಲ್ಲಿ ಅದೂ ಉಪಯೋಗವೇ.

ಕುಷ್ಠರೋಗದ ಅಧ್ಯಯನ

ಕ್ಯಾನ್ಸರ್‌ನಷ್ಟೇ ಆಳವಾಗಿ ಖಾನೋಲ್ಕರ್ ತೊಡಗಿಸಿಕೊಂಡ ಇನ್ನೊಂದು ಕ್ಷೇತ್ರ ಕುಷ್ಠರೋಗ. ರೋಗಾಣು ಚರ್ಮದ ಮೇಲೆ ಕುರುಹು ತೋರಿಸುವ ಮೊದಲೇ ನರಗಳಲ್ಲಿ ಹೇಗೆ ನೆಲೆಯೂರುತ್ತದೆ ಎಂಬುದನ್ನು ಅವರು ಅಂಗಾಂಶಗಳ ಅಧ್ಯಯನದಿಂದ ವಿವರಿಸಿದರು. ಆರಂಭಿಕ ಹಂತದ ಕುಷ್ಠದ ಕುರಿತ ಅವರ ವರದಿಯನ್ನು 1951ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿತು.

1958ರಲ್ಲಿ ಸಿ.ವಿ. ಬಾಪಟ್, ಕಮಲ್ ರಣದಿವೆ ಮತ್ತು ಖಾನೋಲ್ಕರ್ ಅವರು ಕುಷ್ಠರೋಗಿಯ ಅಂಗಾಂಶದಿಂದ ಸೂಕ್ಷ್ಮಾಣುವೊಂದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ್ದಾಗಿ ಪ್ರಕಟಿಸಿದರು. ಕುಷ್ಠದ ರೋಗಾಣುವನ್ನು ಕೃತಕವಾಗಿ ಬೆಳೆಸಲು ಜಗತ್ತಿನಲ್ಲಿ ಯಾರಿಂದಲೂ ಸಾಧ್ಯವಾಗಿರಲಿಲ್ಲವಾದ್ದರಿಂದ ಇದು ದೊಡ್ಡ ಚರ್ಚೆಗೆ ಕಾರಣವಾಯಿತು. ಅದು ಕುಷ್ಠದ ರೋಗಾಣುವೇ ಅಲ್ಲ, ಅದೇ ಕುಲದ ಬೇರೊಂದು ಸೂಕ್ಷ್ಮಾಣು ಎಂಬ ನಿರ್ಧಾರಕ್ಕೆ ನಂತರದ ವಿಜ್ಞಾನಿಗಳು ಬಂದರು. ಆದರೂ ಸಂಶೋಧನಾ ಕೇಂದ್ರದ ಹೆಸರಿನಿಂದ ಐಸಿಆರ್‌ಸಿ ಬ್ಯಾಸಿಲಸ್ ಎನಿಸಿಕೊಂಡ ಆ ಸೂಕ್ಷ್ಮಾಣುವಿನಿಂದ ಲಸಿಕೆ ತಯಾರಾಯಿತು. ದಕ್ಷಿಣ ಭಾರತದಲ್ಲಿ ನಡೆಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದ ದೊಡ್ಡ ಪರೀಕ್ಷೆಯಲ್ಲಿ ಆ ಲಸಿಕೆ ಸುಮಾರು ಶೇ 65ರಷ್ಟು ರಕ್ಷಣೆ ತೋರಿಸಿತು. ಮೂಲ ವಾದ ನಿಲ್ಲದಿದ್ದರೂ ಅದರಿಂದ ಹುಟ್ಟಿದ ಕೆಲಸ ಫಲ ಕೊಟ್ಟಿತು.

ಗೌರವ, ಹೊಣೆ ಮತ್ತು ಅಂತ್ಯ

ಅಣು ವಿಕಿರಣದ ಪರಿಣಾಮಗಳನ್ನು ಅಧ್ಯಯನ ಮಾಡಲು ವಿಶ್ವಸಂಸ್ಥೆ 1955ರಲ್ಲಿ ರಚಿಸಿದ ವೈಜ್ಞಾನಿಕ ಸಮಿತಿಯಲ್ಲಿ ಖಾನೋಲ್ಕರ್ ಭಾರತವನ್ನು ಪ್ರತಿನಿಧಿಸಿದರು. 1950ರ ದಶಕದಲ್ಲಿ ಕೇಂದ್ರ ಸರ್ಕಾರ ಪದ್ಮಭೂಷಣ ನೀಡಿ ಗೌರವಿಸಿತು. 1960ರಿಂದ 1963ರವರೆಗೆ ಮುಂಬೈ ವಿಶ್ವವಿದ್ಯಾಲಯದ ಕುಲಪತಿಯಾಗಿ ಕಾರ್ಯನಿರ್ವಹಿಸಿದರು. ಬಳಿಕ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕರಾದರು. ದೇಶದ ರೋಗಶಾಸ್ತ್ರಜ್ಞರನ್ನು ಒಂದು ವೇದಿಕೆಗೆ ತಂದ ಸಂಘಟನೆಯ ಆರಂಭದಲ್ಲಿಯೂ ಅವರ ಪಾತ್ರ ದೊಡ್ಡದು. ನೂರಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಬರೆದ ಅವರು 1978ರ ಅಕ್ಟೋಬರ್ 29ರಂದು ನಿಧನರಾದರು. ಆಗ ಅವರಿಗೆ 83 ವರ್ಷ. ನವಿ ಮುಂಬೈನ ಖಾರಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಆವರಣದ ಕಟ್ಟಡವೊಂದಕ್ಕೆ ಖಾನೋಲ್ಕರ್ ಶೋಧಿಕಾ ಎಂದು ಹೆಸರಿಡಲಾಗಿದೆ.

ಪ್ರಬಂಧದಿಂದ ಕಾನೂನಿನವರೆಗೆ

ಸಂಶೋಧನೆ ಕಾನೂನಾಗಲು ಎಷ್ಟು ವರ್ಷ ಬೇಕು ಎಂಬ ಪ್ರಶ್ನೆಗೆ ಖಾನೋಲ್ಕರ್ ಅವರ ಕೆಲಸವೇ ಉತ್ತರ. ಸಾವಿರ ರೋಗಿಗಳ ಪ್ರಬಂಧ ಬಂದದ್ದು 1944ರಲ್ಲಿ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನೂ ತಂಬಾಕಿನ ಜಾಹೀರಾತನ್ನೂ ನಿರ್ಬಂಧಿಸುವ ಕೇಂದ್ರದ ಸಮಗ್ರ ಕಾನೂನು ಬಂದದ್ದು 2003ರಲ್ಲಿ. ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿದ್ದು 2013ರ ಮೇ ತಿಂಗಳಲ್ಲಿ. ನಿಷೇಧದ ಬೆನ್ನಲ್ಲೇ ಪಾನ್ ಮಸಾಲಾ ಮತ್ತು ತಂಬಾಕನ್ನು ಬೇರೆ ಬೇರೆ ಚೀಟಿಗಳಲ್ಲಿ ಮಾರಿ, ಕೊಂಡವರೇ ಬೆರೆಸಿಕೊಳ್ಳುವ ಉಪಾಯ ಅಂಗಡಿಗಳಲ್ಲಿ ಕಾಣಿಸಿಕೊಂಡಿತು. ಪೊಟ್ಟಣದ ಶೇ 85ರಷ್ಟು ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮ 2016ರಲ್ಲಿ ಜಾರಿಯಾಯಿತು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು.

ಬದಲಾವಣೆ ಆಗಿಲ್ಲವೆಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಸಮೀಕ್ಷೆಗಳ ಪ್ರಕಾರ 2009–10ರಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 28.2ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016–17ರ ಹೊತ್ತಿಗೆ ಆ ಪ್ರಮಾಣ ಶೇ 22.8ಕ್ಕೆ ಇಳಿಯಿತು. ಆದರೂ ಭಾರತೀಯ ಪುರುಷರಲ್ಲಿ ಅತಿ ಹೆಚ್ಚು ಕಂಡುಬರುವ ಕ್ಯಾನ್ಸರ್ ತುಟಿ ಮತ್ತು ಬಾಯಿಯದೇ ಎಂದು 2022ರ ಜಾಗತಿಕ ಅಂದಾಜುಗಳು ಹೇಳುತ್ತವೆ.

ಬಾಯಿ ಕ್ಯಾನ್ಸರ್‌ನ ವೈಶಿಷ್ಟ್ಯವೆಂದರೆ ಅದು ಕಣ್ಣಿಗೆ ಕಾಣುವ ಜಾಗದಲ್ಲಿ ಹುಟ್ಟುತ್ತದೆ. ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಕೆನ್ನೆಯೊಳಗಿನ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಬಿಗಿತ ಇವುಗಳನ್ನು ಗುರುತಿಸಲು ಕನ್ನಡಿ ಮತ್ತು ಬೆಳಕು ಸಾಕು. ಆರಂಭದಲ್ಲಿ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ತಡವಾದರೆ ದವಡೆಯನ್ನೇ ತೆಗೆಯಬೇಕಾದೀತು, ಜೀವವೂ ಹೋದೀತು. ಇಂದು ಬಾಗಲಕೋಟೆಯಲ್ಲಿಯೇ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಕಾಲೇಜುಗಳಿವೆ. ಹುಬ್ಬಳ್ಳಿಯಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬಾಯಿ ತೋರಿಸಿಕೊಳ್ಳಲು ಸೊಲ್ಲಾಪುರದಲ್ಲಿ ಗಾಡಿ ಬದಲಿಸಬೇಕಾದ ಕಾಲ ಹೋಗಿದೆ. ಜನರ ರೂಢಿಯಿಂದ ಹುಟ್ಟುವ ರೋಗವನ್ನು ರೂಢಿ ಬದಲಿಸಿ ತಡೆಯಬಹುದು ಎಂಬುದು ಖಾನೋಲ್ಕರ್ ಅವರ ಪ್ರಬಂಧಗಳ ಒಟ್ಟು ಸಾರ. ಅದು ನೂರಾರು ಪ್ರಬಂಧಗಳ ಉಲ್ಲೇಖಪಟ್ಟಿಗಳನ್ನು ಈಗಾಗಲೇ ತಲುಪಿದೆ. ಅಲ್ಲಿಂದ ಎಲೆ ಅಡಿಕೆಯ ಸಂಚಿಯವರೆಗೆ ತಲುಪುವ ಕೆಲಸ ಇನ್ನೂ ಬಾಕಿಯಿದೆ.